ನಾನು ಅಳಿಸಿದ ಅಲ್ಪವಿರಾಮ

ಹೋದ ಭಾನುವಾರ ಮೇರಿಲ್ಯಾಂಡಿನ ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ, ನಾನು ಒಂದು ಕೈಯಲ್ಲಿ ಪುಳಿಯೋಗರೆಯ ದೊನ್ನೆ ಹಿಡಿದು ಇನ್ನೊಂದು ಕೈಯಲ್ಲಿ ಕಾರಿನ ಬೀಗದ ಕೈ ಹುಡುಕುತ್ತಿದ್ದಾಗ, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಓಡುತ್ತ ಬಂದು ನನ್ನ ಅಂಗಿಯ ಜೇಬಿಗೆ ಒಂದು ಫ್ಲಾಪಿ ಇಳಿಬಿಟ್ಟರು. ಸಂಘದ ಸದಸ್ಯರ ವಿಳಾಸಪಟ್ಟಿಯಂತೆ.

"ಸರ್, ಡೈರೆಕ್ಟರಿ ಪ್ರಿಂಟ್‌ಗೆ ಹೋಗ್ಬೇಕು. ಒಂದೇ ಹೆಸರು ಎರಡೆರಡು ಸಲ ಬಂದ್ಬಿಟ್ಟಿದೆ. ಡುಪ್ಲಿಕೇಟ್ಸ್ ಎಲ್ಲಾ ಕ್ಲೀನ್ ಮಾಡ್ಕೊಡಿ. ನಿಮಗೆ ಐದು ನಿಮಿಷದ ಕೆಲಸ."

ಆಗಲಿ ಎಂದೆ. ಎರಡು ಸಾವಿರನೇ ಇಸವಿ ಬಂದರೆ ಲೋಕದ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂದು ಹೆದರಿಸಿ ಹೊಟ್ಟೆ ಹೊರೆಯುತ್ತಿರುವವನು ನಾನು. ಇಷ್ಟು ಸಣ್ಣ ಕೆಲಸಕ್ಕೆ ಇಲ್ಲ ಎನ್ನುವುದು ಹೇಗೆ? ಮನೆಗೆ ಬಂದು ಫ್ಲಾಪಿ ತೆರೆದೆ. ನನ್ನದೇ ಹೆಸರು ಮೂರು ಕಡೆ ಇತ್ತು. ಒಂದು ಕಡೆ ನಮ್ಮಪ್ಪನ ಹೆಸರು ನನ್ನದಾಗಿತ್ತು, ಇನ್ನೊಂದು ಕಡೆ ನಮ್ಮೂರಿನ ಹೆಸರೇ ನಾನಾಗಿದ್ದೆ. ನಗುತ್ತ ಎರಡನ್ನು ಅಳಿಸಿದೆ. ಮುಂದೆ 'ಎಸ್. ಲಕ್ಷ್ಮಿ' ಎಂದಿತ್ತು, ಅದರ ಕೆಳಗೇ 'ಲಕ್ಷ್ಮಿ ಎಸ್.' ಜರ್ಮನ್‌ಟೌನಿನ ಅದೇ ಮನೆ, ಅದೇ ಫೋನ್ ನಂಬರು. ಬೆರಳು ಅಳಿಸುವ ಗುಂಡಿಯ ಮೇಲೆ ಹೋಯಿತು. ಅಲ್ಲೇ ನಿಂತಿತು.

ಯಾಕೆಂದು ಹೇಳಬೇಕಾದರೆ ನಾಲ್ಕು ವರ್ಷ ಹಿಂದೆ ಹೋಗಬೇಕು. ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ. ನಾನೂ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿದವನಿಗೆ ಸಿಗುವ ವರ ಇದೊಂದೇ, ಯಾವುದನ್ನೂ ನಂಬದಿರುವುದು. ಪಿಎಚ್.ಡಿ. ಅರ್ಧಕ್ಕೆ ನಿಂತಿತು, ಈ ಅಭ್ಯಾಸ ಮಾತ್ರ ಪೂರ್ತಿಯಾಯಿತು.

ಓದು ಬಿಟ್ಟ ಹೊಸತರಲ್ಲಿ ನನಗೆ ವಾಷಿಂಗ್ಟನ್ನಿನ ಒಂದು ಹಳೆಯ ಚರ್ಚಿನಲ್ಲಿ ಆರು ತಿಂಗಳ ಗುತ್ತಿಗೆ ಕೆಲಸ ಸಿಕ್ಕಿತು. ಮೈಸೂರಿನ ಫಿಲೋಮಿನಾ ಚರ್ಚು ನೋಡಿದವರಿಗೆ ಅದರ ರೂಪ ವಿವರಿಸಬೇಕಾಗಿಲ್ಲ. ಮೇಲಕ್ಕೆ ಚೂಪಾಗುವ ಕಮಾನು, ಮೊನಚು ಗೋಪುರ, ಬಣ್ಣದ ಗಾಜು. ಯುರೋಪಿನ ನಡುಗಾಲದ ಗೋಥಿಕ್ ಶೈಲಿಯನ್ನು ಈ ಶತಮಾನದ ಮೊದಲಲ್ಲಿ ಅಮೆರಿಕದವರು ಮತ್ತೆ ಎಬ್ಬಿಸಿ ಕಟ್ಟಿದ್ದು. ಕಟ್ಟಿದವನು ಕ್ಲೇಟನ್ ಲೂಯಿಸ್ ಎಂಬ ವಾಸ್ತುಶಿಲ್ಪಿ. ಎರಡು ಕ್ಯಾರೊಲೈನಾಗಳಲ್ಲಿ, ಅಟ್ಲಾಂಟಾದಲ್ಲಿ, ವಾಷಿಂಗ್ಟನ್ನಿನಲ್ಲಿ ಅವನ ಕಚೇರಿ ಕಟ್ಟಿದ ಚರ್ಚುಗಳು, ಕಾಲೇಜುಗಳು, ಒಂದೆರಡು ಬ್ಯಾಂಕುಗಳು ಇವತ್ತಿಗೂ ನಿಂತಿವೆ. ಆಮೇಲೆ ಗಾಜು ಉಕ್ಕಿನ ಕಾಲ ಬಂತು, ಚೂಪು ಕಮಾನು ಯಾರಿಗೂ ಬೇಡವಾಯಿತು, ಕಚೇರಿ ಮುಚ್ಚಿತು. ಅಲ್ಲಿದ್ದ ನಕ್ಷೆಗಳೂ ನೌಕರರ ರಿಜಿಸ್ಟರುಗಳೂ ಈ ಚರ್ಚಿನ ನೆಲಮಾಳಿಗೆಗೆ ಬಂದು ಬಿದ್ದಿದ್ದವು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ನನ್ನ ಕೆಲಸ. ಚರ್ಚು ದುರಸ್ತಿಯಾಗಿ ಮತ್ತೆ ತೆರೆಯುವ ದಿನಕ್ಕೆ ಒಂದು ಪುಸ್ತಕ ಬರಬೇಕು, ಬಾಗಿಲ ಬಳಿ ಕಟ್ಟಿದವರ ಹೆಸರಿನ ಹಿತ್ತಾಳೆ ಫಲಕ ಏರಬೇಕು.

ನಕ್ಷೆ ಓದಲು ನನಗೆ ಬರುತ್ತಿರಲಿಲ್ಲ. ಅದಕ್ಕೇ ಕಂಠಿ ಅಂಕಲ್‌ರನ್ನು ಕರೆದೆ. ಶ್ರೀಕಂಠಯ್ಯ ಎಂಬುದು ಪೂರ್ತಿ ಹೆಸರು. ಮೈಸೂರಿನ ಪಿಡಬ್ಲ್ಯುಡಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು, ಇಲ್ಲಿಯೂ ಒಂದು ಕಚೇರಿಯಲ್ಲಿ ಇಪ್ಪತ್ತು ವರ್ಷ ಗೆರೆ ಎಳೆದು ನಿವೃತ್ತರಾಗಿದ್ದವರು. ವಾರಾಂತ್ಯದಲ್ಲಿ ದೇವಸ್ಥಾನದಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲ್ವಿಚಾರಣೆ, ಉಳಿದ ದಿನ ಹಿತ್ತಲಿನ ಬೆಂಡೆಕಾಯಿಯ ಮೇಲ್ವಿಚಾರಣೆ. ಬೆಂಡೆಯ ವಿಷಯದಲ್ಲಿ ಅವರದು ಹೆಮ್ಮೆಯೋ ಹುಚ್ಚೋ ಹೇಳುವುದು ಕಷ್ಟ. ಮೇರಿಲ್ಯಾಂಡಿನ ಅರ್ಧ ಕನ್ನಡಿಗರು ಅವರ ಹಿತ್ತಲಿನ ಗೊಜ್ಜು ತಿಂದವರೇ.

ಅವರು ಮೊದಲ ದಿನ ಒಂದು ಹಾಳೆ ಬಿಡಿಸಿ ನೋಡಿದ್ದು ನೆನಪಿದೆ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿದರು. ಕಿಟಕಿಯ ಕಲ್ಲಿನ ಕಸೂತಿ, ಕಂಬದ ತಲೆಯ ಎಲೆಬಳ್ಳಿ, ಎಲ್ಲ ಕೂದಲೆಳೆಯಷ್ಟು ಸಣ್ಣ ಮಸಿಗೆರೆಯಲ್ಲಿ. ಮೂಲೆಯಲ್ಲಿ 'ಎಲ್.ಸಿ.' ಎಂಬ ಎರಡು ಅಕ್ಷರ.

"ಇದು ಯಜಮಾನನ ಕೈ ಅಲ್ಲ ಕಣಯ್ಯ," ಎಂದರು. "ಯಜಮಾನ ಅನ್ನಿಸ್ಕೊಂಡೋನು ಯಾವತ್ತಾದ್ರೂ ಬೆನ್ನು ಬಗ್ಗಿಸ್ಕೊಂಡು ಎಲೆ ಬರೀತಾನಾ? ರುಜು ಹಾಕ್ತಾನೆ, ಎದ್ದು ಹೋಗ್ತಾನೆ. ಈ ಎಲೆ ಬರೆದೋನು ಬೇರೆ. ಕೈ ಬೇರೆ."

ನಾನು ನಕ್ಕೆ. ಪುರಾವೆ ಎಲ್ಲಿ ಅಂಕಲ್ ಎಂದೆ. ಯಜಮಾನ ಕ್ಲೇಟನ್ ಲೂಯಿಸ್, ಸಿ.ಎಲ್.; ಇಲ್ಲಿ ತಿರುವಿ ಎಲ್.ಸಿ. ಎಂದಿದೆ ಅಷ್ಟೆ, ಈ ದೇಶದಲ್ಲಿ ಮನೆಹೆಸರು ಮೊದಲು ಬರೆಯುವುದುಂಟು ಎಂದು ಪಾಠ ಹೇಳಿದೆ. ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅವರ ಹೆಸರು 'ನರಸೀಪುರ' ಎಂದಿತ್ತು. ಬ್ಯಾಂಕಿನವರು "ಹಲೋ ಮಿಸ್ಟರ್ ನರಸೀಪುರ" ಎಂದಾಗಲೆಲ್ಲ, ಇಡೀ ತಾಲೂಕಿನ ಪರವಾಗಿ ನಾನೇ ಬಂದಿದ್ದೀನಿ ಎನ್ನುತ್ತಿದ್ದರು.

ಆ ಬೇಸಿಗೆ ಅವರ ಮಗಳ ಮಗುವಿನ ನಾಮಕರಣಕ್ಕೆಂದು ನಾವಿಬ್ಬರೂ ಅಟ್ಲಾಂಟಾದ ಹತ್ತಿರದ ಡುಲುತ್‌ಗೆ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಕ್ಲೇಟನ್ ಲೂಯಿಸನ ಕಟ್ಟಡಗಳು. ಅಂಕಲ್ ಪ್ರತಿಯೊಂದರ ಮುಂದೂ ಕಾರು ನಿಲ್ಲಿಸಿದರು. ನಾಮಕರಣ ತಪ್ಪಿದರೆ ಮಗುವಿಗೆ ಹೆಸರೇ ಇರುವುದಿಲ್ಲ ಎಂದು ನಾನು ಗೊಣಗುತ್ತಿದ್ದೆ. ಚಾರ್ಲಟ್ ದಾಟಿದ ಮೇಲೆ ಒಂದು ಸಣ್ಣ ಊರಿನ ಚರ್ಚಿನಲ್ಲಿ ಅವರು ಒಂದು ಕಂಬದ ಕೆಳಗೆ ಕತ್ತೆತ್ತಿ ನಿಂತವರು ಅಲುಗಾಡಲಿಲ್ಲ. ಬಾಗಿಲಲ್ಲಿ ಕೊಟ್ಟ ಕಾಗದದಲ್ಲಿ ಕಂಬದ ಮೇಲಿರುವುದು ಈ ದೇಶದ ಮೇಪಲ್ ಮರದ ಎಲೆಗಳು ಎಂದು ಅಚ್ಚಾಗಿತ್ತು.

"ಮೇಪಲ್ ಅಂತೆ ಮೇಪಲ್. ಇದು ಬೆಂಡೆ ಎಲೆ ಕಣಯ್ಯ. ತೊಟ್ಟಿನ ಹತ್ರ ನೋಡು, ಮೊಗ್ಗು. ಪಕ್ಕದಲ್ಲೇ ಎಳೇ ಕಾಯಿ, ಏಣು ಏಣಾಗಿ. ದಿನಾ ಬೆಂಡೆ ಗಿಡ ನೋಡಿದೋನೇ ಇದನ್ನ ಬರೆದಿರೋದು."

ನನಗೆ ಮೇಪಲ್ಲಿನಂತೆಯೇ ಕಂಡಿತು. ಹಾಗೇ ಹೇಳಿದೆ. ಅಂಕಲ್‌ಗೆ ಎಲ್ಲಿ ನೋಡಿದರೂ ಬೆಂಡೆಯೇ ಕಾಣುತ್ತದೆ ಎಂದು ಡುಲುತ್‌ನ ನಾಮಕರಣದಲ್ಲಿ ಎಲ್ಲರೆದುರು ಹಾಸ್ಯ ಮಾಡಿ ನಗಿಸಿದೆ. ಅವರೂ ನಕ್ಕರು. ಊಟಕ್ಕೆ ಕುಳಿತಾಗ ಮಾತ್ರ ನನ್ನ ಪಕ್ಕ ಕೂರಲಿಲ್ಲ. ಅಥವಾ ಪಕ್ಕದಲ್ಲಿ ಜಾಗ ಇರಲಿಲ್ಲವೋ. ನೋಡಿ, ಇಂಥ ಕಡೆಯೇ ನನ್ನ ನೆನಪು ನನಗೆ ಬೇಕಾದ ಕಡೆಗೆ ವಾಲುತ್ತದೆ.

ಹಿಂದಿರುಗಿದ ಮೇಲೆ ನಾನು ರಿಜಿಸ್ಟರು ಏರಿಸುವುದಕ್ಕೆ ಕೂತೆ. ಬೂಷ್ಟು ಹಿಡಿದ ಪುಸ್ತಕಗಳು, ಮುಟ್ಟಿದರೆ ಸೀನು. ಅವುಗಳಲ್ಲಿ ಹೆಸರುಗಳನ್ನು ಮನೆಹೆಸರು ಮೊದಲು, ಆಮೇಲೆ ಅಲ್ಪವಿರಾಮ, ಆಮೇಲೆ ಇಟ್ಟ ಹೆಸರು, ಹೀಗೆ ಬರೆದಿದ್ದರು. ಒಂದು ಕಡೆ 'ಕ್ಲೇಟನ್, ಲೂಯಿಸ್ – ಡ್ರಾಫ್ಟ್ಸ್‌ಮನ್' ಎಂದಿತ್ತು. ಗಮನಿಸಿ, ಅಲ್ಪವಿರಾಮ ಇದೆ. ಅಂದರೆ ಈತ ಲೂಯಿಸ್ ಕ್ಲೇಟನ್. ಯಜಮಾನ ಕ್ಲೇಟನ್ ಲೂಯಿಸ್. ಇಬ್ಬರು ಮನುಷ್ಯರು, ನಡುವೆ ಒಂದು ಸಣ್ಣ ಕೊಕ್ಕೆ.

ನಾನು ಬರೆದ ಪ್ರೋಗ್ರಾಂ ಮೊದಲು ಮಾಡಿದ ಕೆಲಸವೆಂದರೆ ಹೆಸರುಗಳಲ್ಲಿದ್ದ ಚುಕ್ಕೆ, ಅಲ್ಪವಿರಾಮಗಳನ್ನೆಲ್ಲ ಗುಡಿಸಿ ಹಾಕಿದ್ದು. ಯಾಕೆ ಹಾಗೆ ಬರೆದೆ? ಈ ದೇಶಕ್ಕೆ ಬಂದಂದಿನಿಂದ ನನ್ನ ಹೆಸರನ್ನು ಕಚೇರಿ ಕಚೇರಿಯೂ ಹಿಂದುಮುಂದು ಮಾಡಿತ್ತು. ಮನೆಹೆಸರೇ ಇಲ್ಲದವನ ಹತ್ತಿರ ಮನೆಹೆಸರು ಕೇಳಿದರೆ ಅಪ್ಪನನ್ನೋ ಊರನ್ನೋ ಕೊಡಬೇಕು. ಆಮೇಲೆ ಅದು ಮುಂದೆ ಬಂದರೂ ನಾನೇ, ಹಿಂದೆ ಬಂದರೂ ನಾನೇ. ಅಲ್ಪವಿರಾಮವೆಂಬುದು ಗುಮಾಸ್ತರ ಚಟ, ಅದಕ್ಕೆ ಅರ್ಥವಿಲ್ಲ ಎಂದು ನಾನು ಮನಸಾರೆ ನಂಬಿದ್ದೆ. ಏನನ್ನೂ ನಂಬದವನು ನಂಬಿದ್ದು ಅದೊಂದನ್ನು! ಕೊಕ್ಕೆ ಹೋಯಿತು, ರಿಜಿಸ್ಟರಿನ ಈ ಹೆಸರೂ ನಕ್ಷೆಗಳಲ್ಲಿದ್ದ ಯಜಮಾನನ ರುಜುವೂ ಒಂದೇ ಆದವು, ಪ್ರೋಗ್ರಾಂ ಒಂದನ್ನು ಉಳಿಸಿಕೊಂಡಿತು. ಯಾರನ್ನು ಉಳಿಸಿಕೊಂಡಿತೆಂದು ಹೇಳಬೇಕೆ? ಯಜಮಾನನನ್ನು. ಪಟ್ಟಿ ಅಚ್ಚುಕಟ್ಟಾಗಿದೆ ಎಂದು ಚರ್ಚಿನ ಸಮಿತಿಯವರು ನನ್ನನ್ನು ಹೊಗಳಿದರು. ಎಲ್ಲ ಕಂಪ್ಯೂಟರಿಗೆ ಬಂತಲ್ಲ ಎಂದು ಬೂಷ್ಟು ಹಿಡಿದ ರಿಜಿಸ್ಟರುಗಳನ್ನು ಕಸದ ಲಾರಿಗೆ ಹಾಕಿದರು.

ಅದಾಗಿ ಎರಡು ವಾರಕ್ಕೆ, ನಾನೂ ಅಂಕಲ್ಲೂ ಚರ್ಚಿನ ಕಚೇರಿಯಲ್ಲಿದ್ದಾಗ, ಮಿಸ್ ಕ್ಲೇಟನ್ ಬಂದರು. ಎಂಬತ್ತರ ಹತ್ತಿರದ ಕಪ್ಪು ಹೆಂಗಸು, ನಿವೃತ್ತ ಶಾಲಾ ಶಿಕ್ಷಕಿ, ತಲೆಗೆ ಟೋಪಿ, ಕೈಗೆ ಬಿಳಿ ಗವಸು. ಚರ್ಚು ಮತ್ತೆ ತೆರೆಯುತ್ತದೆಂದು ಪತ್ರಿಕೆಯಲ್ಲಿ ಓದಿದ್ದರಂತೆ. ಇದರ ನಕ್ಷೆಗಳನ್ನು ಬರೆದವರು ನನ್ನ ತಂದೆ ಲೂಯಿಸ್ ಕ್ಲೇಟನ್, ಫಲಕದಲ್ಲಿ ಅವರ ಹೆಸರೂ ಇರಬೇಕು ಎಂದರು. ಅವರು ಹೇಳಿದ ಕತೆ ಇಷ್ಟು. ಯಜಮಾನನ ತಾಯಿಯ ತವರು ಕ್ಲೇಟನ್ ಮನೆತನ. ದಕ್ಷಿಣದ ದೊಡ್ಡ ಮನೆಗಳಲ್ಲಿ ತಾಯಿಯ ತವರಿನ ಹೆಸರನ್ನು ಮಗನಿಗೆ ಇಡುವ ಪದ್ಧತಿಯಂತೆ. ಆ ಕ್ಲೇಟನ್ನರ ಹೊಲದಲ್ಲಿ ಇವರ ಹಿರಿಯರು ಗುಲಾಮರಾಗಿದ್ದವರು, ಹೆಸರು ಅಲ್ಲಿಂದ ಅಂಟಿಕೊಂಡದ್ದು. ಇವರ ಅಜ್ಜಿ ಯಜಮಾನನ ಮನೆತನವಾದ ಲೂಯಿಸರ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು, ಮಗನಿಗೆ ಆ ಮನೆಯ ಹೆಸರಿಟ್ಟಳು. ಹುಡುಗನ ಕೈ ನೋಡಿ ಯಜಮಾನ ಕಚೇರಿಗೆ ಕರೆದುಕೊಂಡ. ಇಪ್ಪತ್ತೈದು ವರ್ಷ ಲೂಯಿಸ್ ಕ್ಲೇಟನ್ ಬರೆದ, ಯಜಮಾನ ರುಜು ಹಾಕಿದ. ತಾನು ಬರೆದ ಚರ್ಚುಗಳೊಳಗೇ ಕಪ್ಪು ಮನುಷ್ಯನಾದ ಆತ ಮುಂಬಾಗಿಲಿನಿಂದ ಹೋಗುವ ಹಾಗಿರಲಿಲ್ಲ. ಕಚೇರಿ ಮುಚ್ಚಿದ ಮೇಲೆ ಸಾಯುವವರೆಗೂ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಒಬ್ಬ ವಾಸ್ತುಶಿಲ್ಪಿಯ ವೃತ್ತಿಜೀವನ ಎಂದು ಪುಸ್ತಕ ಬರೆಯಬೇಕಾದ್ದು ಯಾರದು, ನೀವೇ ಹೇಳಿ.

ಕಚೇರಿಯ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿದಳು. ನಾನು ಮಾಡಿಕೊಟ್ಟ ಕಂಪ್ಯೂಟರು. ನಿಮ್ಮ ತಂದೆಯ ಹೆಸರಿನವರು ಯಾರೂ ಕ್ಲೇಟನ್ ಲೂಯಿಸರ ಕಚೇರಿಯಲ್ಲಿ ಕೆಲಸ ಮಾಡಿಲ್ಲ ಎಂದಳು, ಬಹಳ ವಿನಯದಿಂದ. ಆ ವಿನಯ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಗದರಿದ್ದರೆ ವಾಸಿಯಿತ್ತು.

ಮಿಸ್ ಕ್ಲೇಟನ್ ಗವಸು ಸರಿಮಾಡಿಕೊಂಡರು. "ನನಗೆ ತಂದೆ ಒಬ್ಬರಿದ್ದರು," ಎಂದರು. "ಅಷ್ಟು ನನಗೆ ಚೆನ್ನಾಗಿ ನೆನಪಿದೆ."

ಆಗ ನಾನು ಎದ್ದು ನಿಂತು ಪ್ರತಿಭಟಿಸಿದೆ. "ಹ್ಯಾಂಡ್ ಈಸ್ ಡಿಫರೆಂಟ್, ಮೇಡಮ್," ಎಂದು ಮೇಜು ಕುಟ್ಟಿದೆ. ನಕ್ಷೆಗಳನ್ನು ತಂದು ತೋರಿಸಿ ಎಂದೆ. ಯಾರೂ ಕೇಳಲಿಲ್ಲ. ಪುಸ್ತಕ ಬಂತು, ಅದರಲ್ಲಿ ಎಲೆ ಎಲೆಯನ್ನೂ ಯಜಮಾನ ಸ್ವಹಸ್ತದಿಂದ ಬರೆದನೆಂದಿತ್ತು. ಫಲಕ ಏರಿತು, ಅದರಲ್ಲಿ ಒಂದೇ ಹೆಸರು. ಅಂದಿನಿಂದ ನಾನು ಸಮಿತಿಗೆ ವರ್ಷಕ್ಕೊಂದು ಪತ್ರ ಬರೆದಿದ್ದೇನೆ, ಒಂದಕ್ಕಿಂತ ಒಂದು ಖಾರ. ನಿಮ್ಮ ಹಿರಿಯರು ಅವನ ದುಡಿಮೆ ಕದ್ದರು, ನೀವು ಅವನ ಹೆಸರು ಕದ್ದಿರಿ ಎಂದು ಬರೆದದ್ದೂ ಉಂಟು. ನಮ್ಮವರ ಮೇಲೂ ಹರಿಹಾಯ್ದಿದ್ದೇನೆ. ನಮ್ಮ ಶಿಲ್ಪಿಗಳು ಹೆಸರಿಗೆ ಆಸೆಪಟ್ಟವರೇ ಅಲ್ಲ, ಹೆಸರಲ್ಲೇನಿದೆ ಎಂದು ಯಾರೋ ಊಟದ ಸಾಲಿನಲ್ಲಿ ವೇದಾಂತ ಹೇಳಿದಾಗ, ಬೇಲೂರಿಗೆ ಹೋಗಿ ನೋಡಿ ಸ್ವಾಮಿ, ವಿಗ್ರಹದ ಪಾದದ ಕೆಳಗೆ ತಮ್ಮ ಹೆಸರು ತಾವೇ ಕೆತ್ತಿಕೊಂಡಿದ್ದಾರೆ ಎಂದು ಕೂಗಾಡಿದ್ದೇನೆ. ಹೆಸರು ಹಾಕಿಕೊಳ್ಳದಿರುವುದು ವಿನಯ. ಹಾಕಿದ್ದನ್ನು ಇನ್ನೊಬ್ಬ ಅಳಿಸುವುದು ಕಳ್ಳತನ.

ಇಷ್ಟು ಸಿಟ್ಟಿನ ಯಾವ ಪತ್ರದಲ್ಲೂ ಅಲ್ಪವಿರಾಮದ ಮಾತೇ ಇಲ್ಲ.

ಮೊನ್ನೆ, ಎರಡು ಲಕ್ಷ್ಮಿಯರ ಮುಂದೆ ಬೆರಳು ನಿಂತಿತೆಂದೆನಲ್ಲ, ಆಗ ಆ ಕೋಣೆ ಮತ್ತೆ ಕಣ್ಣಮುಂದೆ ಬಂತು. ಜೊತೆಗೆ ಒಂದು ಅನುಮಾನವೂ ಬಂತು. 'ಹ್ಯಾಂಡ್ ಈಸ್ ಡಿಫರೆಂಟ್.' ಇದು ನನ್ನ ಇಂಗ್ಲಿಷ್ ಅಲ್ಲ. ನಾನಾಗಿದ್ದರೆ ಶೈಲಿ, ಕರ್ತೃತ್ವ ಎಂದು ಏನೋ ದೊಡ್ಡ ಪದ ಎಸೆಯುತ್ತಿದ್ದೆ. 'ಕೈ ಬೇರೆ' ಎಂಬುದನ್ನು ಹಾಗೆಯೇ ಎತ್ತಿ ಇಂಗ್ಲಿಷಿನಲ್ಲಿ ಇಡುವವರು ನನಗೆ ಗೊತ್ತಿದ್ದಂತೆ ಒಬ್ಬರೇ.

ಕಂಠಿ ಅಂಕಲ್ ಈಗ ಡುಲುತ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಫೋನ್ ಮಾಡಿದೆ. ಅವತ್ತು ನಾನು ಏನು ಮಾಡಿದೆ ಎಂದು ಕೇಳಿದೆ.

"ನೀನು ಏನೂ ಮಾಡ್ಲಿಲ್ಲಪ್ಪ. ಕಂಪ್ಯೂಟರ್ ಹಿಂದೆ ಕೂತಿದ್ದೆ."

"ಮಾತಾಡಿದ್ದು?"

"ನಾನು. ನನ್ನ ಇಂಗ್ಲಿಷಿಗೆ ಯಾರು ಬೆಲೆ ಕೊಡ್ತಾರೆ? ನೀನು ಎದ್ದೇಳ್ತೀಯ ಅಂತ ನೋಡ್ದೆ."

ಕೊಕ್ಕೆ ತೆಗೆದದ್ದು ನಾನೇ ಅಂಕಲ್ ಎಂದೆ. ಕಚೇರಿಯ ಹೆಂಗಸು ಹುಡುಕುತ್ತಿದ್ದಾಗಲೇ ನನಗದು ಹೊಳೆದಿತ್ತು, ಮುಂದಿನ ಕೆಲಸಕ್ಕೆ ಸಮಿತಿಯವರ ಶಿಫಾರಸು ಪತ್ರ ಆ ವಾರವೇ ಬೇಕಾಗಿತ್ತು, ಸುಮ್ಮನಾದೆ ಎಂದೆ. ಯಾರಿಗೂ ಹೇಳಿರಲಿಲ್ಲ.

"ಗೊತ್ತಿತ್ತು ಕಣಯ್ಯ. ರಿಜಿಸ್ಟರ್ನಲ್ಲಿ ಆ ಹೆಸರು ನಾನೂ ನೋಡಿದ್ದೆ. ನೀನೇ ಹೇಳ್ಲಿ ಅಂತಿದ್ದೆ." ಆಮೇಲೆ ಕೇಳಿದರು, "ಕ್ಲೀನ್ ಮಾಡೋಕೆ ಮುಂಚೆ ಒಂದು ಕಾಪಿ ಇಟ್ಕೊಂಡಿರ್ತೀಯಲ್ಲ, ನೀವು ಕಂಪ್ಯೂಟರ್‌ನೋರು?"

ಇಟ್ಟುಕೊಂಡಿದ್ದೆನೋ ಇಲ್ಲವೋ ನೆನಪಿರಲಿಲ್ಲ. ಇಲ್ಲ ಎಂದೇ ನಾಲ್ಕು ವರ್ಷ ನೆನಪಿಟ್ಟುಕೊಂಡಿದ್ದೆ ಎಂದರೆ ಸರಿಯಾದೀತು. ರಿಜಿಸ್ಟರು ಕಸಕ್ಕೆ ಹೋಯಿತು, ಇನ್ನು ಯಾರೇನು ಮಾಡಲಾದೀತು ಎಂದು ಸಿಟ್ಟಾಗುವುದು ಎಷ್ಟು ಸುಖ! ಅಲಮಾರಿನ ಕೆಳಗಿನ ಖಾನೆಯಲ್ಲಿ, ತೆರಿಗೆ ಕಾಗದಗಳಡಿ, ಆ ಫ್ಲಾಪಿ ಸಿಕ್ಕಿತು. ಮೇಲೆ ನನ್ನ ಕೈಬರಹದಲ್ಲೇ 'ಮೂಲ' ಎಂದು ಕನ್ನಡದಲ್ಲಿ ಬರೆದ ಚೀಟಿ. ತೆರೆದರೆ ಅಕ್ಷರಗಳು ಒಂದೂ ಕೆಟ್ಟಿರಲಿಲ್ಲ. 'ಕ್ಲೇಟನ್, ಲೂಯಿಸ್ – ಡ್ರಾಫ್ಟ್ಸ್‌ಮನ್.' ಕೊಕ್ಕೆ ಇದ್ದಲ್ಲೇ ಇತ್ತು.

ಆ ಹಾಳೆಯನ್ನು ಅಚ್ಚು ಹಾಕಿಕೊಂಡು, ಫೋನ್ ಪುಸ್ತಕದಲ್ಲಿ ವಿಳಾಸ ಹುಡುಕಿ, ಮಾರನೆಯ ಸಂಜೆ ಮಿಸ್ ಕ್ಲೇಟನ್ನರ ಮನೆಗೆ ಹೋದೆ. ಮೆಟ್ಟಿಲ ಪಕ್ಕದ ಸಣ್ಣ ಮಡಿಯಲ್ಲಿ ಸೊಂಟದೆತ್ತರ ಬೆಂಡೆಗಿಡಗಳು. ತೊಟ್ಟಿನ ಹತ್ತಿರ ಮೊಗ್ಗು, ಪಕ್ಕದಲ್ಲೇ ಏಣು ಏಣಾದ ಎಳೆಯ ಕಾಯಿ. ಅವರ ಅಜ್ಜಿ ಲೂಯಿಸರ ಅಡುಗೆಮನೆಯ ಹಿಂದೆ ಬೆಂಡೆ ಬೆಳೆಸುತ್ತಿದ್ದಳಂತೆ, ಬೀಜ ಮನೆಯಲ್ಲೇ ನಡೆದು ಬಂದದ್ದಂತೆ. ನಾನು ಆ ಎಲೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ. ಮೇಪಲ್ ಅಲ್ಲ.

ಅವರು ಹಾಳೆಯನ್ನು ಓದಿದರು, ಬೆರಳಿಟ್ಟು ಇನ್ನೊಮ್ಮೆ ಓದಿದರು. ತೆಗೆದವನು ನಾನು ಎಂದೆ. ಅವತ್ತು ಆ ಕೋಣೆಯಲ್ಲಿದ್ದೆ, ಸುಮ್ಮನಿದ್ದೆ ಎಂದೂ ಹೇಳಿದೆ. ಕ್ಷಮಿಸಿದೆ ಎಂದೇನೂ ಅವರು ಹೇಳಲಿಲ್ಲ. ಹಾಳೆ ಮಡಿಸಿ ನನಗೇ ವಾಪಸು ಕೊಟ್ಟರು. "ತೆಗೆದದ್ದು ನೀವು. ಹಾಕುವವರೂ ನೀವೇ. ಈ ಭಾನುವಾರ ಸಮಿತಿಯವರ ಸಭೆ ಇದೆ. ನನ್ನನ್ನು ಹತ್ತು ಗಂಟೆಗೆ ಬಂದು ಕರೆದುಕೊಂಡು ಹೋಗಿ," ಎಂದರು, ಹೋಂವರ್ಕ್ ಮಾಡದ ವಿದ್ಯಾರ್ಥಿಗೆ ಹೇಳುವ ಹಾಗೆ.

ಭಾನುವಾರ ಏನಾಗುತ್ತದೋ ಗೊತ್ತಿಲ್ಲ. ಪರಿಶೀಲಿಸುತ್ತೇವೆ ಎನ್ನಬಹುದು, ವಿನಯದಿಂದ. ನನ್ನ ಸಿಟ್ಟು ಇಳಿದಿಲ್ಲ. ಇಷ್ಟು ದಿನ ಅದು ನನ್ನನ್ನು ಬಿಟ್ಟು ಲೋಕದ ಮೇಲೆಲ್ಲ ಇತ್ತು, ಈಗ ಅದರಲ್ಲಿ ನನಗೂ ಪಾಲು ಬಂದಿದೆ. ಈ ಸಲದ ಪತ್ರದ ಮೊದಲ ವಾಕ್ಯ 'ನಾನು' ಎಂದು ಶುರುವಾಗುತ್ತದೆ.

ಈ ನಡುವೆ ಕಾರ್ಯದರ್ಶಿಗಳು ಎರಡು ಸಲ ಫೋನ್ ಮಾಡಿ ಐದು ನಿಮಿಷದ ಕೆಲಸ ಏನಾಯಿತೆಂದು ಕೇಳಿದರು. ಇವತ್ತು ಮಧ್ಯಾಹ್ನ ಜರ್ಮನ್‌ಟೌನಿನ ಆ ನಂಬರಿಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿನ ದನಿ. ಎಸ್. ಲಕ್ಷ್ಮಿ, ಲಕ್ಷ್ಮಿ ಎಸ್. ಎಂದು ಎರಡು ಹೆಸರಿದೆ, ನೀವು ಒಬ್ಬರೋ ಇಬ್ಬರೋ ಎಂದು ಕೇಳಿದೆ. ಆಕೆ ನಕ್ಕರು. ಇಬ್ಬರಂತೆ. ಅತ್ತೆ, ಸೊಸೆ. ಹೆಸರು ಒಂದೇ ಎಂದು ಮದುವೆಯಲ್ಲಿ ಬದಲಿಸಲು ನೋಡಿದರಂತೆ, ಸೊಸೆ ಒಪ್ಪಲಿಲ್ಲವಂತೆ. ಒಂದು ನಿಮಿಷ ಇರಿ ಎಂದು ಫೋನನ್ನು ಒಳಗೆ ಕೊಟ್ಟರು.

ವಯಸ್ಸಾದ ದನಿಯೊಂದು ಹತ್ತಿರ ಬಂತು.

"ನಾನಿನ್ನೂ ಇದ್ದೀನಪ್ಪ," ಎಂದಿತು. "ತೆಗೀಬೇಡ."